ಥ್ಯಾಕರೆ ಎಂಬ ಅಡ್ಡಹೆಸರಿನ ಬೆನ್ನು ಹತ್ತಿ ಯಾರ್ಕ್‌ಶೈರಿನಲ್ಲಿ

ಧಾರವಾಡ, ಬೆಳಗಾವಿ ಸೀಮೆಯಲ್ಲಿ ಬೆಳೆದವರಿಗೆ ಥ್ಯಾಕರೆಯ ಹೆಸರನ್ನು ಯಾರೂ ಪರಿಚಯಿಸಬೇಕಾಗಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಗುಂಡಿಗೆ ಬಲಿಯಾದ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ನಮ್ಮ ಶಾಲೆಯ ನಾಟಕಗಳಲ್ಲಿ ಪ್ರತಿವರ್ಷವೂ ಕುದುರೆಯಿಂದ ಬೀಳುತ್ತಿದ್ದನು, ಮತ್ತು ಪ್ರತಿವರ್ಷವೂ ಅಮಟೂರ ಬಾಳಪ್ಪನ ಪಾತ್ರಧಾರಿಗೆ ಚಪ್ಪಾಳೆ ಬೀಳುತ್ತಿತ್ತು. ಆತನ ಅಣ್ಣನ ಮಗನೇ ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆ ಎಂಬುದು ಕಾಲೇಜಿಗೆ ಬಂದಮೇಲೆ ತಿಳಿಯುವ ಸಂಗತಿ. ಆದರೆ ಈ ಥ್ಯಾಕರೆ ಎಂದರೆ ಏನು, ಅದು ಎಲ್ಲಿಯ ಹೆಸರು ಎಂದು ಕೇಳಿದವರು ನಮ್ಮಲ್ಲಿ ಕಡಿಮೆ. ಊರ ಹೆಸರನ್ನೇ ಅಡ್ಡಹೆಸರಾಗಿ ಹೊತ್ತು ತಿರುಗುವ ಕಿತ್ತೂರ, ನರಗುಂದ, ಬೆಳಗಲಿ ಮನೆತನಗಳ ನಾಡಿನವರಾದ ನಾವು ಈ ಪ್ರಶ್ನೆಯನ್ನು ಎಂದೋ ಕೇಳಬೇಕಿತ್ತು, ಏಕೆಂದರೆ ಥ್ಯಾಕರೆಯೂ ಅಂಥದೇ ಒಂದು ಊರ ಹೆಸರು. ಅಕ್ಕನ ಮಗ ಲೀಡ್ಸ್ ನಗರದಲ್ಲಿ ನೆಲೆಸಿರುವುದರಿಂದ, ಸೆಪ್ಟೆಂಬರಿನ ಕೊನೆಯಲ್ಲಿ ಅವನ ಮನೆಗೆ ಹೋದಾಗ ಆ ಊರನ್ನು ಹುಡುಕಿಕೊಂಡು ಹೋಗುವುದೆಂದು ನಿಶ್ಚಯಿಸಿದೆ.

ಶುಕ್ರವಾರ: ಲೀಡ್ಸ್

ಬೆಳಗಿನಿಂದಲೇ ಸಣ್ಣ ಜಿಟಿಜಿಟಿ ಮಳೆ. ಲೀಡ್ಸಿನಲ್ಲಿ ಈ ಹೆಸರು ಕಣ್ಣಿಗೆ ಬೀಳಲು ಹೆಚ್ಚು ಅಲೆಯಬೇಕಾಗಿಲ್ಲ. ಸೇಂಟ್ ಜೇಮ್ಸ್ ಆಸ್ಪತ್ರೆಯ ಮಗ್ಗುಲಲ್ಲಿ, 1861ರಲ್ಲಿ ಬಡವರ ದುಡಿಮೆಮನೆಯಾಗಿ ತೆರೆದ ದೊಡ್ಡ ಕಟ್ಟಡದಲ್ಲಿ ಈಗ ಥ್ಯಾಕ್‌ರೇ ವೈದ್ಯಕೀಯ ವಸ್ತುಸಂಗ್ರಹಾಲಯವಿದೆ. ಚಾರ್ಲ್ಸ್ ಥ್ಯಾಕ್‌ರೇ ಎಂಬಾತ 1902ರಲ್ಲಿ ಪಾಲುದಾರನೊಬ್ಬನ ಜೊತೆ ಗ್ರೇಟ್ ಜಾರ್ಜ್ ಬೀದಿಯ ಔಷಧದ ಅಂಗಡಿಯೊಂದನ್ನು ಕೊಂಡುಕೊಂಡನು. ಆ ಅಂಗಡಿ ಬೆಳೆದು ಶಸ್ತ್ರಚಿಕಿತ್ಸೆಯ ಉಪಕರಣಗಳ ಕಾರ್ಖಾನೆಯಾಯಿತು. ಕೃತಕ ಸೊಂಟದ ಕೀಲನ್ನು ರೂಪಿಸಿದ ಜಾನ್ ಚಾರ್ನ್ಲಿಯ ಜೊತೆ ಕೆಲಸ ಮಾಡಿದ್ದೂ ಇದೇ ಕಂಪನಿ. ಇವರ ಹೆಸರಿನ ಇಂಗ್ಲಿಷ್ ಬರಹದಲ್ಲಿ ಕಾದಂಬರಿಕಾರನ ಹೆಸರಿನಲ್ಲಿರುವ ನಡುವಿನ 'ಇ' ಅಕ್ಷರವಿಲ್ಲ. ಒಳಗೆ ಹಳೆಯ ಲೀಡ್ಸಿನ ಕೊಳಕು ಬೀದಿಯೊಂದನ್ನು ಮರುಸೃಷ್ಟಿಸಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಅರ್ಧ ದಿನವನ್ನೇ ಎತ್ತಿಡುವುದು ಒಳ್ಳೆಯದು.

ಇದೇ ಹೆಸರಿನ ಇನ್ನೊಂದು ರೂಪವೂ ಲೀಡ್ಸಿಗೆ ಸೇರಿದ್ದು. ಚಾರ್ಲ್ಸ್ ಟರ್ನರ್ ಥ್ಯಾಕ್ರಾ (1795–1833) ಇಲ್ಲಿಯ ಶಸ್ತ್ರವೈದ್ಯ. ಕಸುಬುಗಳಿಂದ ಬರುವ ಕಾಯಿಲೆಗಳ ಬಗ್ಗೆ 1831ರಲ್ಲಿ ಆತ ಪ್ರಕಟಿಸಿದ ಗ್ರಂಥದಿಂದ ಇಂಗ್ಲೆಂಡಿನಲ್ಲಿ ಆ ವೈದ್ಯಶಾಸ್ತ್ರ ಆರಂಭವಾಯಿತೆಂದು ಎಣಿಸುತ್ತಾರೆ. ಅಗಸೆ ನಾರಿನ ಗಿರಣಿಗಳ ಧೂಳು ದುಡಿಯುವವರ ಶ್ವಾಸಕೋಶಕ್ಕೆ ಏನು ಮಾಡುತ್ತದೆಂದು ಬರೆದ ಈ ಮನುಷ್ಯ ನಲವತ್ತು ತುಂಬುವ ಮೊದಲೇ ಕ್ಷಯದಿಂದ ತೀರಿಕೊಂಡನು. ಥ್ಯಾಕರೆ, ಥ್ಯಾಕ್‌ರೇ, ಥ್ಯಾಕ್ರಾ ಮೂರಕ್ಕೂ ಬೇರು ಒಂದೇ. ಗುಮಾಸ್ತನೋ ಪಾದ್ರಿಯೋ ಕಿವಿಗೆ ಕೇಳಿದ್ದನ್ನು ಕೇಳಿದ ಹಾಗೆ ಬರೆದುಕೊಂಡ ಕಾಲದಲ್ಲಿ ಒಂದು ಮನೆತನದ ಕವಲುಗಳು ಹೀಗೆ ಬೇರೆ ಬೇರೆ ಅಕ್ಷರಗಳಲ್ಲಿ ನೆಲೆಗೊಂಡವು.

ಮಧ್ಯಾಹ್ನ ಮಳೆ ಜೋರಾದ್ದರಿಂದ ನಗರದ ಕೇಂದ್ರ ಗ್ರಂಥಾಲಯದಲ್ಲಿ ಕುಳಿತೆವು. ಅಲ್ಲಿಯ ಸ್ಥಳೀಯ ಇತಿಹಾಸದ ವಿಭಾಗಕ್ಕೆ ಯಾರು ಬೇಕಾದರೂ ಹೋಗಿ ಪುಸ್ತಕ ತೆಗೆದು ನೋಡಬಹುದು. ಕೆಳಗಿನ ಹಂಚಿನ ಚಿತ್ತಾರದ ಹಜಾರದಲ್ಲಿ ಚಹಾ ಸಿಗುತ್ತದೆ. ಯಾರ್ಕ್‌ಶೈರಿನ ಪಶ್ಚಿಮ ಭಾಗದ ಅಡ್ಡಹೆಸರುಗಳ ಇತಿಹಾಸ ಹುಡುಕುವವರೆಲ್ಲ ಮೊದಲು ಕೈಹಾಕುವುದು 1379ರ ತಲೆಗಂದಾಯದ ಪಟ್ಟಿಗಳಿಗೆ. ಹದಿನಾರು ದಾಟಿದ ಪ್ರತಿಯೊಬ್ಬ ಸಾಮಾನ್ಯ ಪ್ರಜೆಯೂ ನಾಲ್ಕು ಪೆನ್ಸ್ ಕೊಡಬೇಕು, ಗಂಡಹೆಂಡಿರಿಗೆ ಸೇರಿ ಒಂದೇ ತಲೆ ಎಂಬ ಲೆಕ್ಕದಲ್ಲಿ ಹಳ್ಳಿ ಹಳ್ಳಿಯ ಹೆಸರುಗಳನ್ನು ಲ್ಯಾಟಿನ್ನಿನಲ್ಲಿ ಬರೆದುಕೊಂಡ ಪಟ್ಟಿಗಳಿವು. ಇಂಥ ಊರಿನ ಜಾನ್ ಎಂಬ ಗುರುತು ಮಗನಿಗೂ ಮೊಮ್ಮಗನಿಗೂ ಅಂಟಿ, ಅವರು ಆ ಊರಿನಲ್ಲಿ ಇಲ್ಲದಿದ್ದರೂ ಉಳಿದುಕೊಳ್ಳುವ ಹಂತ ಅಲ್ಲಿ ಕಣ್ಣೆದುರೇ ಕಾಣುತ್ತದೆ. ಈ ಸೀಮೆಯ ಹೆಸರುಗಳಿಗಾಗಿ ಆಯುಷ್ಯ ಸವೆಸಿದ ಇತಿಹಾಸಕಾರ ಜಾರ್ಜ್ ರೆಡ್ಮಂಡ್ಸ್, ಇಲ್ಲಿಯ ಎಷ್ಟೋ ಅಡ್ಡಹೆಸರುಗಳು ಒಂದೇ ಒಂದು ಕುಟುಂಬದಿಂದ ಹರಡಿದಂಥವು ಎಂದು ವಾದಿಸಿದವರು. ಹ್ಯಾಲಿಫ್ಯಾಕ್ಸ್ ಸುತ್ತಲಿನ ಮರ್ಗಟ್ರಾಯ್ಡ್, ಬ್ಯಾರಕ್ಲಫ್ ಅಂಥವು. ಸ್ಮಿತ್, ಟೇಲರ್ ಹೆಸರಿನವರು ಪ್ರತಿ ಊರಿನಲ್ಲೂ ಹುಟ್ಟಿಕೊಂಡರು, ಏಕೆಂದರೆ ಪ್ರತಿ ಊರಿಗೂ ಒಬ್ಬ ಕಮ್ಮಾರ, ಒಬ್ಬ ಸಿಂಪಿಗ ಬೇಕು. ಥ್ಯಾಕ್‌ರೇ ಹೆಸರಿನವರು ಹುಟ್ಟಬೇಕಾದರೆ ಥ್ಯಾಕ್‌ರೇ ಎಂಬ ಜಾಗವೇ ಬೇಕು. ಹೆಸರು ವಿರಳವಾಗಿ ಉಳಿದಿರುವುದಕ್ಕೆ ಇದೇ ಕಾರಣ.

ರಾತ್ರಿ ಊಟಕ್ಕೆ ಯಾರ್ಕ್‌ಶೈರ್ ಪುಡಿಂಗು, ಮೇಲೆ ಉಳ್ಳಾಗಡ್ಡಿಯ ಗ್ರೇವಿ. ಸಸ್ಯಾಹಾರಿಗಳು ಗ್ರೇವಿಯಲ್ಲಿ ಮಾಂಸದ ರಸವಿದೆಯೇ ಎಂದು ಕೇಳಿಕೊಂಡೇ ಹೇಳಬೇಕು. ಕೇಳಿದರೆ ಬೇರೆಯದನ್ನು ಮಾಡಿಕೊಡುತ್ತಾರೆ.

ಶನಿವಾರ: ಹ್ಯಾರೋಗೇಟ್, ಹ್ಯಾಂಪ್ಸ್‌ತ್ವೇಟ್

ಹ್ಯಾರೋಗೇಟಿಗೆ ಬಸ್ಸಿನ ಮೇಲಂತಸ್ತಿನಲ್ಲಿ ಮುಂದಿನ ಸೀಟು ಹಿಡಿದರೆ ವಾರ್ಫ್ ನದಿಯ ಕಣಿವೆ ಪೂರ್ತಿ ಕಾಣುತ್ತದೆ. ಊರಿನಲ್ಲಿ 1919ರಿಂದ ನಡೆಯುತ್ತಿರುವ ಬೆಟ್ಟೀಸ್ ಚಹಾದಂಗಡಿಯ ಮುಂದೆ ಸಾಲು ರಸ್ತೆಯ ತಿರುವಿನವರೆಗೆ ಇತ್ತು. ನಾವು ಸಾಲು ಬಿಟ್ಟು ಪಕ್ಕದ ಬೀದಿಯ ಸಣ್ಣ ಬೇಕರಿಯಲ್ಲಿ ಕರ್ಡ್ ಟಾರ್ಟ್ ತಿಂದೆವು. ಒಡೆದ ಹಾಲಿನ ಹೂರಣಕ್ಕೆ ಒಣದ್ರಾಕ್ಷಿ, ಜಾಯಿಕಾಯಿ ಹಾಕಿ ಬೇಯಿಸಿದ ಈ ತಿನಿಸು ನಮ್ಮ ಗಿಣ್ಣವನ್ನು ಹಿಟ್ಟಿನ ಬಟ್ಟಲಲ್ಲಿ ಕೂರಿಸಿದಂತಿರುತ್ತದೆ. ಈ ಸೀಮೆಗೆ ಹೋದವರು ಅದನ್ನು ತಿನ್ನದೆ ಬರಬಾರದು.

ಅಲ್ಲಿಂದ ಹ್ಯಾಂಪ್ಸ್‌ತ್ವೇಟ್ ಹೆಚ್ಚು ದೂರವಿಲ್ಲ. ನಿಡ್ ನದಿಯ ದಂಡೆಯ ಹಳ್ಳಿ, ನಡುವೆ ಹುಲ್ಲಿನ ಬಯಲು, ಕೆಳಗೆ ಸೇತುವೆ, ಸೇತುವೆಗೆ ಮುಂಚೆ ಸೇಂಟ್ ಥಾಮಸ್ ಬೆಕೆಟ್ ಹೆಸರಿನ ಚರ್ಚು. ಕಿತ್ತೂರಿನ ಥ್ಯಾಕರೆಯ ವಂಶ ಮೇಲೇಳುವುದು ಇಲ್ಲಿಂದ. ಮಧ್ಯಯುಗದಲ್ಲಿ ನೇರ್ಸ್‌ಬರೋ ರಾಜಾರಣ್ಯದ ಅಂಚಿನಲ್ಲಿ ಹೊಲ ಮಾಡಿಕೊಂಡಿದ್ದ ಜನರ ಒಂದು ಕವಲು ಈ ಹಳ್ಳಿಯಲ್ಲಿ ನಿಂತಿತು. ಅವರಲ್ಲಿ 1693ರಲ್ಲಿ ಹುಟ್ಟಿದ ಥಾಮಸ್ ಥ್ಯಾಕರೆ ಈಟನ್ ಶಾಲೆಗೆ, ಅಲ್ಲಿಂದ ಕೇಂಬ್ರಿಜಿಗೆ ಹೋದನು. 1746ರಲ್ಲಿ ಹ್ಯಾರೋ ಶಾಲೆಯ ಮುಖ್ಯೋಪಾಧ್ಯಾಯನಾದನು. ಒಕ್ಕಲುತನದ ಮನೆಯಿಂದ ಹ್ಯಾರೋ ಶಾಲೆಯ ಪೀಠಕ್ಕೆ ಒಂದೇ ಜಿಗಿತ! ಆತನಿಗೆ ಮನೆ ತುಂಬ ಮಕ್ಕಳು. ಕಿರಿಯ ಮಗ, ಕಾದಂಬರಿಕಾರನ ಅಜ್ಜ ವಿಲಿಯಂ ಮೇಕ್‌ಪೀಸ್ ಈಸ್ಟ್ ಇಂಡಿಯಾ ಕಂಪನಿಯ ಕರಣಿಕನಾಗಿ 1766ರಲ್ಲಿ ಬಂಗಾಳಕ್ಕೆ ಹೋದನು. ಮಗಳು ಜೇನ್ ಬಂಗಾಳವನ್ನು ಅಳೆದು ನಕಾಶೆ ಬರೆದ ಜೇಮ್ಸ್ ರೆನೆಲ್‌ನನ್ನು ಕಲ್ಕತ್ತೆಯಲ್ಲಿ ಮದುವೆಯಾದಳು. ಒಮ್ಮೆ ಹೊಸಿಲು ದಾಟಿದ ಈ ಮನೆತನ ಯಾರ್ಕ್‌ಶೈರಿಗೆ ಮರಳಲೇ ಇಲ್ಲವೆನ್ನಬೇಕು.

ಚರ್ಚಿನ ಬಾಗಿಲು ತೆರೆದಿತ್ತು. ಒಳಗೆ ಹಿತ್ತಾಳೆಯ ದೀಪಸ್ತಂಭಗಳನ್ನು ಉಜ್ಜುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ನಮ್ಮ ಮುಖ ನೋಡಿದ್ದೇ, "ನೀವು ಆಮಿಯನ್ನು ನೋಡಲು ಬಂದವರಿರಬೇಕು" ಎಂದು ಬಿಳಿಯ ಅಮೃತಶಿಲೆಯ ಸಮಾಧಿಯೊಂದರ ಬಳಿಗೆ ಕರೆದೊಯ್ದರು. ಭಾರತದ ಪ್ರೇಮಗೀತೆಗಳೆಂದು ಹೆಸರಾದ ಕವನಗಳಿಗೆ ರಾಗ ಕಟ್ಟಿ ಒಂದು ಕಾಲದಲ್ಲಿ ಇಂಗ್ಲೆಂಡಿನ ಮನೆಮನೆಯಲ್ಲಿ ಹಾಡಿಸಿದ ಆಮಿ ವುಡ್‌ಫೋರ್ಡ್-ಫಿಂಡೆನ್ (1860–1919) ಅಲ್ಲಿ ಮಲಗಿದ್ದಾಳೆ. ನಾವು ಥ್ಯಾಕರೆ ಮನೆತನಕ್ಕಾಗಿ ಬಂದವರೆಂದು ಹೇಳಿದಾಗ ಆ ಹೆಂಗಸಿಗೆ ಸ್ವಲ್ಪ ನಿರಾಶೆಯಾದಂತೆ ಕಂಡಿತು. "ಕಾದಂಬರಿಕಾರನ ಪೂರ್ವಜರು ಇಲ್ಲಿಯವರು ಹೌದು, ಆದರೆ ಆತ ಹುಟ್ಟಿದ್ದು ನಿಮ್ಮ ಕಲ್ಕತ್ತೆಯಲ್ಲಿ" ಎಂದರು. ಆತನ ಚಿಕ್ಕಪ್ಪನೊಬ್ಬ ನಮ್ಮೂರಿನ ಕಲೆಕ್ಟರನಾಗಿದ್ದನು ಎಂದೆ. ಹೇಗೆ ಸತ್ತನೆಂದು ಅವರು ಕೇಳಲಿಲ್ಲ, ನಾನೂ ಹೇಳಹೋಗಲಿಲ್ಲ.

ಹೊರಗೆ ಬರುವಷ್ಟರಲ್ಲಿ ಬಿಸಿಲು. ಸೇತುವೆಯ ಮೇಲೆ ನಿಂತು ನೀರು ನೋಡುತ್ತಿದ್ದಾಗ ಹಿಂದಿರುಗುವ ಬಸ್ಸು ನಮ್ಮೆದುರೇ ಹೋಯಿತು. ಹಳ್ಳಿಯ ದಾರಿಗಳಲ್ಲಿ ಬಸ್ಸುಗಳ ನಡುವಿನ ಅಂತರ ದೊಡ್ಡದು. ವೇಳಾಪಟ್ಟಿಯ ಫೋಟೋ ತೆಗೆದಿಟ್ಟುಕೊಂಡರೆ ಸಾಲದು, ಹತ್ತು ನಿಮಿಷ ಮುಂಚೆಯೇ ನಿಲ್ದಾಣದಲ್ಲಿ ನಿಲ್ಲಬೇಕು.

ರವಿವಾರ: ವಾಷ್‌ಬರ್ನ್ ಕಣಿವೆ

ಈ ಕಣಿವೆಗೆ ಬಸ್ಸನ್ನು ನಂಬಿ ಹೋಗುವಂತಿಲ್ಲ. ಅಳಿಯನ ಕಾರಿನಲ್ಲಿ, ಬಡಗಿ ಥಾಮಸ್ ಚಿಪ್ಪೆಂಡೇಲ್ 1718ರಲ್ಲಿ ಹುಟ್ಟಿದ ಆಟ್ಲಿ ಪೇಟೆಯನ್ನು ದಾಟಿ ಉತ್ತರಕ್ಕೆ ಏರಿದೆವು. ರಸ್ತೆ ಕಿರಿದಾಗುತ್ತ ಹೋಗಿ ಎರಡೂ ಬದಿಗೆ ಗಾರೆಯಿಲ್ಲದ ಕಲ್ಲುಗೋಡೆಗಳು ಹತ್ತಿರವಾದವು. ಎದುರಿಗೆ ಟ್ರ್ಯಾಕ್ಟರ್ ಬಂದರೆ ಯಾರಾದರೊಬ್ಬರು ಹಿಂದಕ್ಕೆ ಸರಿಯಬೇಕು; ಸರಿಯುವವರು ಯಾವಾಗಲೂ ಕಾರಿನವರೇ. "ಮಾಮಾ, ಇಲ್ಲಿಂದ ಮುಂದ ಫೋನ್ ಹತ್ತೂದಿಲ್ರಿ, ನಕಾಶೆ ಈಗ ನೋಡ್ಕೊಂಡು ಬಿಡ್ರಿ" ಎಂದು ಅಳಿಯ ಎಚ್ಚರಿಸಿದ. ಕಾಗದದ ನಕಾಶೆ ಜೊತೆಗಿದ್ದದ್ದು ಒಳ್ಳೆಯದಾಯಿತು.

ವಾಷ್‌ಬರ್ನ್ ಸಣ್ಣ ಹೊಳೆ. ಆದರೆ ಲೀಡ್ಸ್ ನಗರದ ಗಿರಣಿಗಳೂ ಜನವೂ ಬೆಳೆದಂತೆ ಕುಡಿಯುವ ನೀರಿಗಾಗಿ ನಗರಸಭೆ ಇದರ ಉದ್ದಕ್ಕೂ ಅಣೆಕಟ್ಟುಗಳನ್ನು ಕಟ್ಟಿತು. 1870ರ ದಶಕದಲ್ಲಿ ಲಿಂಡ್ಲೆ ವುಡ್, ಸ್ವಿನ್‌ಸ್ಟಿ, ಫ್ಯೂಸ್ಟನ್ ಒಂದರ ಹಿಂದೊಂದು ಮುಗಿದವು. ಬಹಳ ತಡವಾಗಿ, 1966ರಲ್ಲಿ, ಮೇಲ್ಗಡೆಯ ಥ್ರಸ್‌ಕ್ರಾಸ್ ಬಂದಿತು. ಥ್ರಸ್‌ಕ್ರಾಸ್ ಜಲಾಶಯದಲ್ಲಿ ವೆಸ್ಟ್ ಎಂಡ್ ಎಂಬ ಹಳ್ಳಿ ಮುಳುಗಿದ್ದು ಎಲ್ಲರಿಗೂ ಗೊತ್ತು, ಬರಗಾಲದಲ್ಲಿ ನೀರಿಳಿದಾಗ ಅದರ ಪಾಳುಗೋಡೆಗಳನ್ನು ನೋಡಲು ಜನ ನೆರೆಯುತ್ತಾರೆ. ಅದಕ್ಕಿಂತ ಮೊದಲೇ ಫ್ಯೂಸ್ಟನ್ ಜಲಾಶಯದಲ್ಲಿ ಮುಳುಗಿದ, ಗ್ರೇಟ್ ಟಿಂಬಲ್ ಹಳ್ಳಿಯ ಎಲ್ಲೆಯೊಳಗಿದ್ದ ಪುಟ್ಟ ನೆಲೆಯನ್ನು ನೋಡಲು ಯಾರೂ ಬರುವುದಿಲ್ಲ. ಆ ನೆಲೆಯ ಹೆಸರು ಥ್ಯಾಕ್‌ರೇ.

ನಾವು ಫ್ಯೂಸ್ಟನ್ ಜಲಾಶಯವನ್ನು ಸುತ್ತುವ ಕಾಲುದಾರಿ ಹಿಡಿದೆವು. ದಾರಿ ಸಮತಟ್ಟು, ವಯಸ್ಸಾದವರೂ ನಡೆಯಬಹುದು. ಆದರೆ ಪೈನ್ ಮರಗಳ ಕೆಳಗೆ ರಾಡಿ ಆರುವುದೇ ಇಲ್ಲ, ನನ್ನ ಚರ್ಮದ ಬೂಟು ಅರ್ಧ ಗಂಟೆಯಲ್ಲಿ ನೀರು ಕುಡಿದು ಭಾರವಾಯಿತು. ನೀರು ಸ್ವಲ್ಪ ಇಳಿದಿದ್ದರಿಂದ ದಂಡೆಯ ಕಂದು ಕೆಸರು ಬಿಚ್ಚಿಕೊಂಡಿತ್ತು. ಹೊಲದ ಕಲ್ಲುಗೋಡೆಯೊಂದು ಗುಡ್ಡದಿಂದ ಇಳಿದು ಬಂದು ನೇರವಾಗಿ ನೀರಿನೊಳಗೆ ಹೋಗಿತ್ತು. ಆ ನೆಲೆಯ ಗುರುತಿಗೆ ಫಲಕವಿಲ್ಲ, ಕಂಬವಿಲ್ಲ. ಬಾಗಲಕೋಟೆಯ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಹೋಗಿ ಅಡ್ಡಹೆಸರಿನಲ್ಲಿ ಮಾತ್ರ ಊರು ಉಳಿದಿರುವ ಮನೆತನಗಳು ನಮ್ಮಲ್ಲಿಯೂ ಇವೆ, ಮತ್ತು ಮುಳುಗಡೆ ಎಂದರೆ ಏನೆಂದು ಅವರಿಗೆ ಗೊತ್ತು. ವ್ಯತ್ಯಾಸವೆಂದರೆ, ಥ್ಯಾಕ್‌ರೇ ಜನರಲ್ಲಿ ಬಹುಪಾಲು ಅಣೆಕಟ್ಟಿಗಿಂತ ಎಷ್ಟೋ ತಲೆಮಾರು ಮೊದಲೇ ಹೊರಟು ಹೋಗಿದ್ದರು. ಊರು ಬಿಟ್ಟವನಿಗೇ ಊರ ಹೆಸರು ಗುರುತಾಗುವುದು. ಊರಲ್ಲೇ ಇರುವವನನ್ನು ಅದೇ ಹೆಸರಿನಿಂದ ಕರೆದರೆ ಯಾರನ್ನು ಕರೆದಂತಾಯಿತು?

ಟಿಂಬಲ್ ಕಡೆಗೆ ಏರುವ ದಾರಿಯಲ್ಲಿ ಕುರಿಗಳನ್ನು ಹೊಲದಿಂದ ಹೊಲಕ್ಕೆ ದಾಟಿಸುತ್ತಿದ್ದ ರೈತನೊಬ್ಬ ಸಿಕ್ಕ. ಆತನ ನಾಯಿ ನಮ್ಮನ್ನೂ ಕುರಿಗಳ ಜೊತೆ ಸೇರಿಸಿ ಗೋಡೆಯ ಬದಿಗೆ ಒತ್ತಿತು. ಥ್ಯಾಕ್‌ರೇ ಎಲ್ಲಿತ್ತೆಂದು ಕೇಳಿದೆ. ಆತ ಬೆತ್ತವನ್ನೆತ್ತಿ ನೀರನ್ನು ತೋರಿಸಿ, "ಅಲ್ಲಿ, ಕೆಳಗೆ" ಎಂದಷ್ಟೇ ಹೇಳಿದ. ಆಮೇಲೆ ತನ್ನ ಕೊಟ್ಟಿಗೆಯ ಮಾಡಿನ ಕಡೆಗೆ ಬೆತ್ತ ತಿರುಗಿಸಿದ. ಮಾಡಿನ ಮೇಲೆ ಹಾಸಿದ್ದು ದಪ್ಪ ಕಲ್ಲಿನ ಚಪ್ಪಡಿ. ಅದನ್ನು ತನ್ನ ಅಜ್ಜ ಥ್ಯಾಕ್‌ಸ್ಟೋನ್ ಎನ್ನುತ್ತಿದ್ದನು ಎಂದ. ಹೆಸರಿನ ಮೊದಲರ್ಧ ಹೀಗೆ ಕೈಗೆ ಸಿಕ್ಕಂತಾಯಿತು. ಹಳೆಯ ನಾರ್ಸ್ ಭಾಷೆಯಲ್ಲಿ ಥಾಕ್ ಎಂದರೆ ಸೂರಿಗೆ ಹೊದಿಸುವ ಜೊಂಡುಹುಲ್ಲು, ವ್ರಾ ಎಂದರೆ ಮೂಲೆ. ಎರಡೂ ಸೇರಿ ಜೊಂಡು ಬೆಳೆಯುವ ಮೂಲೆ. 876ರಲ್ಲಿ ಡೇನ್ ಮುಖಂಡ ಹಾಲ್ಫ್‌ಡಾನ್ ಯಾರ್ಕ್ ಸೀಮೆಯ ನೆಲವನ್ನು ತನ್ನವರಿಗೆ ಹಂಚಿಕೊಟ್ಟನು. ಮುಂದಿನ ಶತಮಾನದಲ್ಲಿ ನಾರ್ವೆ ಮೂಲದವರು ಪಶ್ಚಿಮದ ಕಡಲಿನಿಂದಲೂ ಬಂದು ನೆಲೆಸಿದರು. ಅವರ ಭಾಷೆ ಈ ಗುಡ್ಡಗಳಲ್ಲಿ ಹೊಳೆ, ಹೊಲ, ಮೂಲೆಗಳಿಗೆಲ್ಲ ಹೆಸರಿಟ್ಟಿತು. ಹುಲ್ಲಿನ ಸೂರು ಹೋಗಿ ಕಲ್ಲಿನ ಸೂರು ಬಂದಾಗಲೂ ಜನ ಹಳೆಯ ಮಾತನ್ನು ಕಲ್ಲಿಗೇ ಹಚ್ಚಿದರು.

ಊಟಕ್ಕೆ ಫ್ಯೂಸ್ಟನ್ ಚರ್ಚಿನ ಪಕ್ಕದ ವಾಷ್‌ಬರ್ನ್ ಪರಂಪರಾ ಕೇಂದ್ರಕ್ಕೆ ಬಂದೆವು. ಸೂಪು, ಬ್ರೆಡ್ಡು, ವೆನ್ಸ್‌ಲಿಡೇಲ್ ಚೀಸಿನ ಜೊತೆ ಹಣ್ಣಿನ ಕೇಕು. ಕೇಕನ್ನು ಚೀಸಿನ ಜೊತೆ ತಿನ್ನುವುದು ವಿಚಿತ್ರವೆನಿಸಿದರೂ ಎರಡನೆಯ ತುತ್ತಿಗೆ ಅಭ್ಯಾಸವಾಗುತ್ತದೆ. ಕೇಂದ್ರ ವಾರದ ಎಲ್ಲ ದಿನ ತೆರೆದಿರುವುದಿಲ್ಲವಾದ್ದರಿಂದ ವಿಚಾರಿಸಿಕೊಂಡೇ ಹೊರಡಬೇಕು. ಇದನ್ನು ಕಟ್ಟುವ ಮೊದಲು ಚರ್ಚಿನ ಅಂಗಳ ಅಗೆದಾಗ ನೂರೈವತ್ತಕ್ಕೂ ಹೆಚ್ಚು ಜನರ ಅಸ್ಥಿಗಳು ಸಿಕ್ಕವು. ಅವುಗಳಲ್ಲಿ ಅನೇಕವು ಹತ್ತಿರದ ಬ್ಲಬರ್‌ಹೌಸಸ್ ಗಿರಣಿಯಲ್ಲಿ ದುಡಿಯಲು ದೂರದಿಂದ ತಂದ ಅನಾಥ ಮಕ್ಕಳವು. ಲೀಡ್ಸಿನ ಡಾಕ್ಟರ್ ಥ್ಯಾಕ್ರಾ ಬರೆದ ಅಗಸೆ ಗಿರಣಿಗಳ ಧೂಳು, ಆತನ ಹೆಸರಿಗೆ ಮೂಲವಾದ ನೆಲೆಯಿರುವ ಕಣಿವೆಯನ್ನೂ ಬಿಟ್ಟಿರಲಿಲ್ಲ. ಆ ಮಕ್ಕಳಲ್ಲಿ ಹೆಚ್ಚಿನವರ ಹೆಸರೂ ಉಳಿದಿಲ್ಲ.

ಸಂಜೆ ಬ್ಲಬರ್‌ಹೌಸಸ್ ಕಡೆಯಿಂದ ಸುತ್ತಿ ಬರುವಾಗ ಗುಡ್ಡದ ಮೇಲೆ ಮೆನ್‌ವಿತ್ ಹಿಲ್ ಸೇನಾ ನೆಲೆಯ ಬಿಳಿಯ ಗೋಲಗಳು ಮಂಜಿನಲ್ಲಿ ಕಂಡವು. ಮುಳುಗಿದ ನೆಲೆಯಿಂದ ಹ್ಯಾಂಪ್ಸ್‌ತ್ವೇಟಿಗೆ ನೇರವಾಗಿ ಸುಮಾರು ಹತ್ತು ಕಿಲೋಮೀಟರು ಮಾತ್ರ. ಶತಮಾನಗಳ ಕಾಲ ಮನೆತನ ಅಷ್ಟು ದೂರವನ್ನಷ್ಟೇ ನಡೆದಿತ್ತು. ಆಮೇಲೆ ಎರಡೇ ತಲೆಮಾರಿನಲ್ಲಿ ಬಂಗಾಳದ ಸಿಲ್ಹೆಟ್ ತಲುಪಿತು.

ಸೋಮವಾರ: ಲಂಡನ್ನಿನ ಉತ್ತರದಂಚು

ರೈಲಿನಲ್ಲಿ ಕಿಂಗ್ಸ್ ಕ್ರಾಸಿಗೆ ಬಂದು, ನಾರ್ದರ್ನ್ ಮಾರ್ಗದ ಮೆಟ್ರೋದಲ್ಲಿ ಕೊನೆಯ ನಿಲ್ದಾಣ ಹೈ ಬಾರ್ನೆಟ್‌ವರೆಗೆ ಹೋದೆ. ಅಲ್ಲಿಂದ ಏರುದಾರಿಯಲ್ಲಿ ಸ್ವಲ್ಪ ನಡೆದರೆ ಹ್ಯಾಡ್ಲಿ ಗ್ರೀನ್ ಎಂಬ ಬಯಲು, ಅದರಾಚೆ ಮಾಂಕನ್ ಹ್ಯಾಡ್ಲಿಯ ಸೇಂಟ್ ಮೇರಿ ಚರ್ಚು. ಚಕಮಕಿ ಕಲ್ಲಿನ ಗೋಪುರದಲ್ಲಿ 1494ರ ಇಸವಿ ಕೆತ್ತಿದೆ, ನೆತ್ತಿಯಲ್ಲಿ ದೀಪ ಉರಿಸುವ ಹಳೆಯ ಕಬ್ಬಿಣದ ಬುಟ್ಟಿಯಿದೆ. ಹ್ಯಾರೋ ಮುಖ್ಯೋಪಾಧ್ಯಾಯನ ಕಿರಿಯ ಮಗ, ಸಿಲ್ಹೆಟ್ಟಿನಲ್ಲಿ ಕಂಪನಿಯ ಅಧಿಕಾರಿಯಾಗಿದ್ದು ಆನೆಗಳನ್ನು ಹಿಡಿಸಿ ಮಾರಿ ಹಣ ಮಾಡಿದ ವಿಲಿಯಂ ಮೇಕ್‌ಪೀಸ್ ಥ್ಯಾಕರೆ (1749–1813) ಭಾರತದಿಂದ ಮರಳಿ ನೆಲೆಸಿದ್ದು ಈ ಬಯಲಿನ ಬದಿಯಲ್ಲಿ, ಮಣ್ಣಾದದ್ದು ಈ ಚರ್ಚಿನಲ್ಲಿ. ಆತನ ಗಂಡುಮಕ್ಕಳಲ್ಲಿ ಹೆಚ್ಚಿನವರು ಮತ್ತೆ ಭಾರತಕ್ಕೇ ಹೋದರು. ವಿಲಿಯಂ ಎಂಬ ಮಗ ಥಾಮಸ್ ಮನ್ರೋನ ಕೈಕೆಳಗೆ ಕಂದಾಯದ ಕೆಲಸ ಕಲಿತು, ಕೆನರಾ ಮತ್ತು ಬಳ್ಳಾರಿ ಕಡೆಯ ಜಿಲ್ಲೆಗಳ ಜಮೀನು ವ್ಯವಸ್ಥೆಯ ಮೇಲೆ 1807ರಲ್ಲಿ ವರದಿ ಬರೆದನು. ರಿಚ್ಮಂಡ್ ಕಲ್ಕತ್ತೆಯಲ್ಲಿ ಕಾದಂಬರಿಕಾರನ ತಂದೆಯಾದನು. ಥಾಮಸ್ ನೇಪಾಳದ ಯುದ್ಧದಲ್ಲಿ ಸತ್ತನು. ಸೇಂಟ್ ಜಾನ್ ಧಾರವಾಡಕ್ಕೆ ಬಂದನು. ಕಿತ್ತೂರಿನ ದೊರೆ ತೀರಿಕೊಂಡಾಗ ದತ್ತಕವನ್ನು ಒಪ್ಪದೆ ಖಜಾನೆಗೆ ಬೀಗಮುದ್ರೆ ಹಾಕಿಸಿದನು; ಕೋಟೆಯ ಬಾಗಿಲು ತೆರೆಯಲು ಗಡುವು ಕೊಟ್ಟನು. ಬಾಗಿಲು ತೆರೆಯಿತು, ಆದರೆ ಆತ ಎಣಿಸಿದ ರೀತಿಯಲ್ಲಲ್ಲ. ಕಂದಾಯದ ಲೆಕ್ಕ ಬಲ್ಲ ಮನೆತನದವನು ಚೆನ್ನಮ್ಮನ ಲೆಕ್ಕವನ್ನು ತಪ್ಪಾಗಿ ಹಾಕಿದ್ದನು ಎಂಬುದು ನನ್ನ ಅಭಿಪ್ರಾಯ.

ಚರ್ಚಿನ ಅಂಗಳದಲ್ಲಿ ಉದುರಿದ ಎಲೆ ಗುಡಿಸುತ್ತಿದ್ದ ನಿವೃತ್ತ ಮೇಷ್ಟರೊಬ್ಬರು ನನ್ನ ಹುಡುಕಾಟ ಕೇಳಿ ಪೊರಕೆಯನ್ನು ಗೋಡೆಗೆ ಒರಗಿಸಿದರು. ಕಿತ್ತೂರಿನ ಕಥೆಯನ್ನು ಪೂರ್ತಿಯಾಗಿ ಕೇಳಿದವರು ಈ ಪ್ರವಾಸದಲ್ಲಿ ಅವರೊಬ್ಬರೇ. "ಆ ರಾಣಿಗೆ ಏನಾಯಿತು?" ಎಂದರು. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಹಿಡಿದದ್ದು, ಆ ದಾಳಿಯಲ್ಲಿ ಮನ್ರೋನ ಸಂಬಂಧಿಯೂ ಸತ್ತದ್ದು, ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿ 2ರಂದು ಚೆನ್ನಮ್ಮ ತೀರಿಕೊಂಡದ್ದು, ಈಗ ಪ್ರತಿ ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವ ನಡೆಯುವುದು ಎಲ್ಲವನ್ನೂ ಹೇಳಿದೆ. ಹಾಗಾದರೆ ಥ್ಯಾಕರೆಯ ಹೆಸರನ್ನು ಅವನ ಸ್ವಂತ ದೇಶಕ್ಕಿಂತ ನಿಮ್ಮ ಜಿಲ್ಲೆಯವರೇ ಹೆಚ್ಚು ನೆನೆಯುತ್ತಾರೆ ಎಂದು ಅವರು ನಕ್ಕರು.

ಆಮೇಲೆ ಅವರು ನಾನು ನಿರೀಕ್ಷಿಸುತ್ತಲೇ ಇದ್ದ ಪ್ರಶ್ನೆ ಕೇಳಿದರು: ಮುಂಬಯಿಯ ರಾಜಕಾರಣಿಗಳು ಇದೇ ವಂಶದವರೇ? ಅಲ್ಲ ಎಂದೆ. ಅದು ಠಾಕ್ರೆ ಎಂಬ ಮರಾಠಿ ಅಡ್ಡಹೆಸರು. ಸಮಾಜ ಸುಧಾರಕ ಕೇಶವ ಸೀತಾರಾಮ ಠಾಕ್ರೆ ಕಾದಂಬರಿಕಾರನ ಮೇಲಿನ ಅಭಿಮಾನದಿಂದ ಅದನ್ನು ಇಂಗ್ಲಿಷಿನಲ್ಲಿ ಆತನ ಹೆಸರಿನ ಅಕ್ಷರಗಳಲ್ಲೇ ಬರೆಯತೊಡಗಿದರೆಂದು ಹೇಳುತ್ತಾರೆ ಎಂದು ವಿವರಿಸಿದೆ. ಯಾರ್ಕ್‌ಶೈರಿನಲ್ಲೇ ಉಳಿದ ಎಷ್ಟೋ ಮಂದಿ ಬಳಸದ 'ಇ' ಅಕ್ಷರ ಮುಂಬಯಿಯಲ್ಲಿ ಹೀಗೆ ಗಟ್ಟಿಯಾಗಿ ನಿಂತಿದೆ. ಅವರ ಪಕ್ಷಕ್ಕೂ ನಿಮ್ಮ ಜಿಲ್ಲೆಗೂ ಏನಾದರೂ ಸಂಬಂಧವಿದೆಯೇ ಎಂದು ಮೇಷ್ಟರು ಮುಗ್ಧವಾಗಿ ಕೇಳಿದರು. ಬೆಳಗಾವಿ ಗಡಿಯ ವಿಷಯವನ್ನು ಎತ್ತಿದರೆ ಕತ್ತಲಾಗುವವರೆಗೂ ಮುಗಿಯುವುದಿಲ್ಲವೆಂದು ಹೇಳಿ, ಮಳೆ ಮತ್ತೆ ಹಿಡಿಯುವ ಮುನ್ನ ಮೆಟ್ರೋ ನಿಲ್ದಾಣದ ಇಳಿಜಾರು ಹಿಡಿದೆ.